ಪಿಂಗ್ ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಸರಿ, ಬ್ರೌಸರ್‌ನಲ್ಲಿ ಎಲ್ಲ ಹೋಸ್ಟ್‌ಗಳೂ ‘ಡೌನ್’: ಏಕೆ?

ಉಡುಪಿಯ ಸರ್ವರ್‌ನಿಂದ ಕುಂದಾಪುರ, ಮಂಗಳೂರು ಶಾಖೆಗಳ 40 ಯಂತ್ರಗಳನ್ನು ಪಿಂಗ್ ಮಾಡುವ (ಉತ್ತರಿಸುತ್ತವೆಯೇ ಎಂದು ನೋಡುವ) ಪಿಎಚ್‌ಪಿ ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಸರಿಯಿದ್ದರೆ ನೆಟ್‌ವರ್ಕನ್ನು ದೂರಬೇಡಿ. ಬ್ರೌಸರ್‌ನಿಂದ ವಿನಂತಿ ಬಂದಾಗ ಅದನ್ನು ಓಡಿಸುವುದು ನೀವಲ್ಲ, ವೆಬ್ ಸರ್ವರ್‌ನ ಬಳಕೆದಾರ, ಉಬುಂಟುವಿನಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ (www-data). ಸುಡೊ (ಬೇರೆ ಬಳಕೆದಾರನಾಗಿ ಕಮಾಂಡ್ ಓಡಿಸುವ ಸೌಲಭ್ಯ) ಮೂಲಕ ಅದೇ ಬಳಕೆದಾರನಾಗಿ ಒಮ್ಮೆ ಓಡಿಸಿ.

ಹೆಚ್ಚಿನವರು ಎಡವುವುದು ಎಕ್ಸಿಟ್ ಕೋಡ್‌ನಲ್ಲಿ, ಅಂದರೆ ಕಮಾಂಡ್ ಮುಗಿದಾಗ ಹಿಂದಿರುಗಿಸುವ ಅಂಕಿಯಲ್ಲಿ. ಲಿನಕ್ಸ್‌ನ ಪಿಂಗ್ ಉತ್ತರ ಬಂದರೆ 0, ಬಾರದಿದ್ದರೆ 1, ಬೇರೆ ದೋಷಕ್ಕೆ 2 ಕೊಡುತ್ತದೆ. 0 ಅಲ್ಲದ್ದನ್ನೆಲ್ಲ ‘ಡೌನ್’ ಎಂದು ಬರೆದರೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ. 127 ಬಂದರೆ ಪಿಂಗ್ ಕಮಾಂಡೇ ಸಿಕ್ಕಿಲ್ಲ, ಪೂರ್ಣ ಪಾತ್ (ಅದು ಇರುವ ಜಾಗದ ವಿಳಾಸ) ಕೊಡಿ. 2 ಬಂದರೆ ಹೆಚ್ಚಾಗಿ ಅನುಮತಿ ಇಲ್ಲ, ಇಲ್ಲವೇ ಹೆಸರು ಐಪಿಗೆ ತಿರುಗುತ್ತಿಲ್ಲ. ಯಾವುದೆಂದು ತಿಳಿಯಲು ದೋಷ ಸಂದೇಶವನ್ನೂ ಲಾಗ್‌ಗೆ ಹಾಕಿ. ಅನುಮತಿಯೇ ಕಾರಣವಾದರೆ ಪಿಂಗ್‌ಗೆ ರಾ ಸಾಕೆಟ್ ಕೇಪಬಿಲಿಟಿ (ಪಿಂಗ್ ಪ್ಯಾಕೆಟ್ ಕಳಿಸುವ ವಿಶೇಷ ಅನುಮತಿ) ಕೊಡಿ. ವೆಬ್ ಸರ್ವರನ್ನು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸುವುದು ಖಂಡಿತ ಬೇಡ.

ಇನ್ನು ಸಮಯ. ಒಂದು ಪ್ಯಾಕೆಟ್, 2 ಸೆಕೆಂಡ್ ಕಾಯುವಿಕೆ ಎಂದಿಟ್ಟರೂ 40 ಯಂತ್ರಗಳೂ ಮಲಗಿದ್ದರೆ ಒಂದಾದ ಮೇಲೊಂದರಂತೆ ನೋಡಲು 80 ಸೆಕೆಂಡ್ ಬೇಕು. ವೆಬ್ ಸರ್ವರ್ ಎಂಜಿನ್‌ಎಕ್ಸ್ ಆಗಿದ್ದರೆ ಡೀಫಾಲ್ಟ್ ಆಗಿ 60 ಸೆಕೆಂಡಿಗೇ 504 (ಸಮಯ ಮೀರಿದ ದೋಷ) ಎಸೆಯುತ್ತದೆ. ಪರೀಕ್ಷೆಯನ್ನು ಕ್ರಾನ್‌ಗೆ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸೇವೆಗೆ) ವಹಿಸಿ, ಪುಟ ಫಲಿತಾಂಶದ ಫೈಲ್ ಓದಿದರೆ ಸಾಕು.

ವಿಂಡೋಸ್ ಯಂತ್ರಗಳಷ್ಟೇ ‘ಡೌನ್’ ಎಂದರೆ ಫೈರ್‌ವಾಲ್ ಪಿಂಗ್ ತಡೆಯುತ್ತಿರಬಹುದು. ಅಲ್ಲಿ ತೆರೆದಿರುವ ಟಿಸಿಪಿ ಪೋರ್ಟ್‌ಗೆ ಸಂಪರ್ಕಿಸಿ ನೋಡಿ.