ಪರದೆ ಮಲಗಿತು, ಭಾಗವತರೂ ಮಲಗಿದರು

ಕಂಪ್ಯೂಟರ್ ಕಷ್ಟ ಸುಖ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಐದು ಒಂದೇ ದೂರಿನವು. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಧ್ವನಿ ನಡುವೆ ನಿಂತುಹೋಗುತ್ತದೆ. ಒಂದೇ ಉತ್ತರ ಬರೆದು ಮುಗಿಸೋಣ ಅಂತ ಕೂತೆ. ಓದುತ್ತಾ ಹೋದರೆ ಐದಕ್ಕೂ ಕಾರಣ ಬೇರೆ ಬೇರೆ. ಹಾಗಾಗಿ ಸಂಚಿಕೆಯ ಜಾಗವೆಲ್ಲ ಇದಕ್ಕೇ ಹೋಯಿತು. ಪ್ರಿಂಟರ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಬೇಜಾರು ಬೇಡ. ಕಮಾಂಡುಗಳನ್ನು ಎಂದಿನಂತೆ ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಪ್ರಶ್ನೆ: ಮೇಡಂ, ನಾವು ಅಡಿಕೆ ಬೆಳೆಗಾರರು. ಮಗ ತನ್ನ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿ, ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಜೋಡಿಸಿ ಬೆಂಗಳೂರಿಗೆ ಹೋಗಿದ್ದಾನೆ. ರಾತ್ರಿ ಅಡಿಕೆ ಸುಲಿಯುವಾಗ ತಾಳಮದ್ದಲೆ ಹಾಕಿಕೊಳ್ಳುತ್ತೇವೆ. ಸರಿಯಾಗಿ ಹತ್ತು ನಿಮಿಷಕ್ಕೆ ಟಿವಿ ಕಪ್ಪಾಗುತ್ತದೆ, ಭಾಗವತರೂ ಬಾಯಿ ಮುಚ್ಚುತ್ತಾರೆ. ಮೌಸ್ ಅಲ್ಲಾಡಿಸಿದರೆ ಎರಡೂ ವಾಪಸ್. ಕೈ ತುಂಬ ಅಡಿಕೆ ಕಲೆ, ಎಷ್ಟು ಸಲ ಏಳುವುದು? ಸೌಂಡ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಎಂದರು ರಿಪೇರಿಯವರು. ಹೌದಾ?
– ಓದುಗರು, ಶಿರಸಿ

ಉತ್ತರ: ಸೌಂಡ್ ಕಾರ್ಡ್ ಹೋಗಿಲ್ಲ. ದುಡ್ಡು ಉಳಿಸಿ. ಹೋದ ಕಾರ್ಡ್ ಮೌಸ್ ಅಲ್ಲಾಡಿಸಿದರೆ ಹುಟ್ಟಿ ಬರುವುದಿಲ್ಲ, ಅಲ್ವಾ?

ನೀವು ಗಡಿಯಾರ ನೋಡಿ ಬರೆದಿದ್ದು ದೊಡ್ಡ ಉಪಕಾರ. 'ಆಗಾಗ ನಿಲ್ಲುತ್ತದೆ' ಎಂದು ಬರೆದಿದ್ದರೆ ನಾನೂ ಕೇಬಲ್ ಸಡಿಲವೇನೋ ಎನ್ನುತ್ತಿದ್ದೆ. ಸರಿಯಾಗಿ ಹತ್ತು ನಿಮಿಷ ಎಂದರೆ ಅದು ಹಾಳಾದ ವಸ್ತುವಿನ ಕೆಲಸ ಅಲ್ಲ, ಯಾರೋ ಇಟ್ಟ ಲೆಕ್ಕ. ಲಿನಕ್ಸಿನ ಹಳೇ ಚಿತ್ರವ್ಯವಸ್ಥೆಯಾದ ಎಕ್ಸ್ ಸರ್ವರಿನಲ್ಲಿ ಪರದೆ ಆರಿಸುವ ಗಡುವು ಮೂಲದಲ್ಲೇ 600 ಸೆಕೆಂಡ್. ಕೀಲಿಮಣೆ, ಮೌಸ್ ಮುಟ್ಟದೆ ಅಷ್ಟು ಹೊತ್ತು ಕಳೆದರೆ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ದೀಪ ಆರಿಸುತ್ತದೆ. ನೀವು ಅಲ್ಲೇ ಕತ್ತಿ ಮುಂದೆ ಕೂತು ಕೇಳುತ್ತಿದ್ದೀರಿ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಸಿನಿಮಾ ಹಾಕಿದರೆ ಹೀಗಾಗುವುದಿಲ್ಲ, ಗಮನಿಸಿ. ವಿಡಿಯೋ ಓಡುವಾಗ ಪ್ಲೇಯರ್ ತಾನೇ 'ಈಗ ಆರಿಸಬೇಡ' ಎಂದು ಹೇಳಿರುತ್ತದೆ. ಬರೀ ಆಡಿಯೋ ಇದ್ದಾಗ ಬಹಳ ಪ್ಲೇಯರ್‌ಗಳು ಹಾಗೆ ಹೇಳುವುದಿಲ್ಲ.

ಸರಿ, ಪರದೆ ಆರಲಿ. ಧ್ವನಿ ಯಾಕೆ ಹೋಗಬೇಕು? ನಿಮ್ಮ ಊರಿಗೆ ಪೇಪರ್ ಕಟ್ಟು ಬೆಳಗಿನ ಮೊದಲ ಬಸ್ಸಿನಲ್ಲಿ ಬರುತ್ತದೆ ಎಂದುಕೊಳ್ಳಿ. ಬಸ್ ಬರದ ದಿನ ಪೇಪರೂ ಇಲ್ಲ. ಎಚ್‌ಡಿಎಂಐ ಕಥೆ ಇದೇ. ಅದರಲ್ಲಿ ಧ್ವನಿಗೆ ಬೇರೆ ತಂತಿ ಇಲ್ಲ. ಫುಲ್ ಎಚ್‌ಡಿ ಚಿತ್ರದಲ್ಲಿ ಒಂದು ಸಾಲಿಗೆ ನಮಗೆ ಕಾಣುವುದು 1920 ಚುಕ್ಕಿ, ಆದರೆ ಕೇಬಲ್ಲಿನಲ್ಲಿ ಹರಿಯುವುದು 2200 ಚುಕ್ಕಿಯ ಹೊತ್ತು. ಕಾಣದ ಆ 280ರ ಸಂದಿನಲ್ಲಿ, ಹಾಗೆಯೇ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ, ಧ್ವನಿಯನ್ನು ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಪರದೆ ಆರಿಸುವುದು ಎಂದರೆ ಕಂಪ್ಯೂಟರ್ ಚಿತ್ರ ಕಳಿಸುವುದನ್ನೇ ನಿಲ್ಲಿಸುವುದು. ಬಸ್ಸೇ ಹೊರಡಲಿಲ್ಲ. ತಾಳಮದ್ದಲೆ ಒಳಗೆ ಓಡುತ್ತಲೇ ಇರಬಹುದು. ಮೌಸ್ ಅಲ್ಲಾಡಿಸಿದಾಗ ಕೌರವನ ಮಾತು ಮುಗಿದು ಕೃಷ್ಣ ಅರ್ಥ ಹೇಳುತ್ತಿದ್ದರೆ ಇದೇ ಎಂದು ಖಾತ್ರಿ ಮಾಡಿಕೊಳ್ಳಿ.

ಈಗ ಮದ್ದು. ಸೆಟ್ಟಿಂಗ್ಸ್ ತೆರೆದು ಪವರ್ ಮ್ಯಾನೇಜರ್ ಒತ್ತಿ, ಡಿಸ್‌ಪ್ಲೇ ಎಂಬ ಭಾಗಕ್ಕೆ ಹೋಗಿ. ಪರದೆ ಕಪ್ಪಾಗಲು, ಮಲಗಲು, ಪೂರ್ತಿ ಆರಲು ಎಂದು ಮೂರು ಎಳೆಪಟ್ಟಿ ಇರುತ್ತವೆ. ಮೂರನ್ನೂ ಎಡತುದಿಗೆ ಎಳೆದು 'ನೆವರ್' ಮಾಡಿ. ಒಂದನ್ನು ಬಿಟ್ಟರೂ ಆಗಲಿಲ್ಲ. ಸ್ಕ್ರೀನ್‌ಸೇವರ್ ಎಂದು ಬೇರೆ ಕಿಟಕಿ ಇದ್ದರೆ ಅದನ್ನೂ ನಿಲ್ಲಿಸಿ.

ಇಷ್ಟಾದರೂ ಹತ್ತು ನಿಮಿಷಕ್ಕೆ ಕಪ್ಪಾದರೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು 'ಎಕ್ಸ್‌ಸೆಟ್ ಕ್ಯೂ' ಎಂದು ಟೈಪ್ ಮಾಡಿ. ಕೊನೆಯ ಸಾಲುಗಳಲ್ಲಿ ಸ್ಕ್ರೀನ್ ಸೇವರ್, ಡಿಪಿಎಂಎಸ್ ಎಂಬ ಎರಡು ಲೆಕ್ಕ ಕಾಣುತ್ತವೆ. ಡಿಪಿಎಂಎಸ್ ಎಂದರೆ ಕರೆಂಟ್ ಉಳಿಸಲು ಪರದೆ ಆರಿಸುವ ಸ್ವಿಚ್. ಇಲ್ಲೇ ಬಹಳ ಜನ ಎಡವುವುದು. ಡಿಪಿಎಂಎಸ್ ಒಂದನ್ನೇ ನಿಲ್ಲಿಸಿ 'ಮಾಡಿದೆ, ಆದರೂ ಆಗಲಿಲ್ಲ' ಎಂದು ನನಗೆ ಕಾಗದ ಬರೆಯುತ್ತಾರೆ. ಈಗಿನ ಡ್ರೈವರ್‌ಗಳಲ್ಲಿ ಸ್ಕ್ರೀನ್ ಸೇವರಿನ ಕಪ್ಪು ಪರದೆ ಕೂಡ ಒಳಗಿಂದ ಅದೇ ಸ್ವಿಚ್ ಒತ್ತುತ್ತದೆ. 'ಎಕ್ಸ್‌ಸೆಟ್ ಎಸ್ ಆಫ್' ಒಂದು, 'ಎಕ್ಸ್‌ಸೆಟ್ ಮೈನಸ್ ಡಿಪಿಎಂಎಸ್' ಇನ್ನೊಂದು. ಮೈನಸ್ ಎಂದಲ್ಲಿ ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಕೊಂಡೇ ಡಿಪಿಎಂಎಸ್ ಬರಲಿ, ನಡುವೆ ಜಾಗ ಬೇಡ. ಎರಡೂ ಕೊಡಿ. ಕಂಪ್ಯೂಟರ್ ಆರಿಸಿ ಹಚ್ಚಿದರೆ ಇವು ಅಳಿಸಿಹೋಗುತ್ತವೆ. ಸೆಷನ್ ಅಂಡ್ ಸ್ಟಾರ್ಟಪ್ ಕಿಟಕಿಯ ಆಟೋಸ್ಟಾರ್ಟ್ ಪಟ್ಟಿಗೆ ಸೇರಿಸಿಬಿಟ್ಟರೆ ದಿನಾ ತಾನಾಗಿ ಆಗುತ್ತದೆ.

ರಾತ್ರಿ ಇಡೀ ಟಿವಿ ಉರಿಸಬೇಕಾ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಲವು ಟಿವಿಗಳಲ್ಲಿ ಚಿತ್ರ ಮಾತ್ರ ಆರಿಸುವ 'ಪಿಕ್ಚರ್ ಆಫ್' ಇರುತ್ತದೆ, ರಿಮೋಟಿನಲ್ಲಿ ಹುಡುಕಿ. ಅದು ಟಿವಿಯ ದೀಪ ಮಾತ್ರ ಆರಿಸುತ್ತದೆ, ಬಸ್ ಓಡುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯದು ಧ್ವನಿಯನ್ನು ಬಸ್ಸಿನಿಂದ ಇಳಿಸುವುದು. ಡೆಸ್ಕ್‌ಟಾಪಿನ ಹಿಂದೆ ಹಸಿರು ಬಣ್ಣದ ದುಂಡು ತೂತು ಇದೆ. ಅಲ್ಲಿಂದ ಹಳೇ ಟೇಪ್‌ರೆಕಾರ್ಡರಿನ ಆಕ್ಸ್‌ಗೋ ಸ್ಪೀಕರಿಗೋ ಒಂದು ವೈರ್ ಎಳೆಯಿರಿ. ನಾನು ನೂರಿಪ್ಪತ್ತು ರೂಪಾಯಿ ಕೊಟ್ಟು ತಂದಿದ್ದೆ. ವಾಲ್ಯೂಮ್ ಕಂಟ್ರೋಲಿನ ಕಾನ್ಫಿಗರೇಶನ್ ಭಾಗದಲ್ಲಿ ಎಚ್‌ಡಿಎಂಐ ಬದಲು 'ಅನಲಾಗ್ ಸ್ಟೀರಿಯೊ' ಆರಿಸಿ. ಆಮೇಲೆ ಪರದೆ ಬೇಕಾದಷ್ಟು ಮಲಗಲಿ. ಮೇಲೆ ಹೇಳಿದ ಸೆಟ್ಟಿಂಗ್ ಯಾವುದೂ ಮುಟ್ಟಬೇಕಿಲ್ಲ.

ಇದನ್ನೆಲ್ಲ ಮೊದಲೇ ಗೊತ್ತಿದ್ದವಳಂತೆ ಬರೆದೆ. ನಿಜ ಹೇಳಬೇಕು. ನಮ್ಮ ಅಡುಗೆಮನೆಯ ಕಂಪ್ಯೂಟರಿಗೂ ಹೀಗೇ ಆಗಿತ್ತು. ನಾನು ಎರಡು ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿದೆ. ಹೊಸ ಲಿನಕ್ಸಿನಲ್ಲೂ ಅದೇ 600 ಸೆಕೆಂಡ್ ಕೂತಿತ್ತು. ಹದಿಮೂರು ವರ್ಷ ಸೈಬರ್ ಸೆಂಟರ್ ನಡೆಸಿದವಳ ಬುದ್ಧಿ ಇದು. ಕೊನೆಗೆ ಕುಕ್ಕರಿನ ಸೀಟಿ ಎಣಿಸುತ್ತಾ ಗಡಿಯಾರ ನೋಡಿದಾಗಲೇ ಹೊಳೆದದ್ದು.

ಪ್ರಶ್ನೆ: ಅಕ್ಕಾ, ನನ್ನದು ಲ್ಯಾಪ್‌ಟಾಪ್, ಕ್ಸುಬುಂಟು 18.04. ಎಚ್‌ಡಿಎಂಐ ಇಲ್ಲವೇ ಇಲ್ಲ, ಹೆಡ್‌ಫೋನ್ ಜ್ಯಾಕ್ ಮಾತ್ರ. ಪರದೆ ಲಾಕ್ ಆದ ತಕ್ಷಣ ಹಾಡು ಬಂದ್. ಪಾಸ್‌ವರ್ಡ್ ಕೊಟ್ಟರೆ ಮತ್ತೆ ಶುರು. ಲಾಕ್ ಬೇಕೇ ಬೇಕು, ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಇದ್ದೇವೆ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲು 18.04ರ ಕಾಲ ಮುಗಿದು ವರ್ಷಗಳಾದವು, ಬದಲಿಸಮ್ಮ. ಬದಲಿಸಿದರೆ ಈ ತೊಂದರೆಯೂ ಹೋಗಬಹುದು. ಯಾಕೆಂದರೆ ಇಲ್ಲಿ ತಪ್ಪು ಪರದೆಯದಲ್ಲ, ಬೀಗದ್ದು.

ಕ್ಸುಬುಂಟು ಎಂದರೆ ಎಕ್ಸ್‌ಎಫ್‌ಸಿಇ ಇರುವ ಉಬುಂಟು ಲಿನಕ್ಸ್. ನಿನ್ನದರಲ್ಲಿ ಲಾಕ್ ಮಾಡುವುದು 'ಲೈಟ್ ಲಾಕರ್' ಎಂಬ ಪ್ರೋಗ್ರಾಂ. ಅದು ನಿನ್ನ ಕೋಣೆಯ ಬಾಗಿಲು ಮುಚ್ಚುವುದಿಲ್ಲ. ನಿನ್ನನ್ನು ಅಲ್ಲೇ ಬಿಟ್ಟು, ಪಾಸ್‌ವರ್ಡ್ ಕೇಳುವ ಇನ್ನೊಂದು ಕೋಣೆಗೆ ಪರದೆಯನ್ನು ಎತ್ತಿಕೊಂಡು ಹೋಗುತ್ತದೆ. ಲಿನಕ್ಸಿನ ಒಳಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿಯ ಲಾಗಿನ್ ಕಾವಲುಗಾರನಿಗೆ ಆಗ 'ಈ ಹುಡುಗಿ ಎದ್ದುಹೋದಳು' ಎಂದು ಕಾಣುತ್ತದೆ. ಎದ್ದುಹೋದವರ ಕೈಯಿಂದ ಸ್ಪೀಕರ್, ಮೈಕ್ ಕಿತ್ತುಕೊಳ್ಳುವುದು ಅವನ ನಿಯಮ. ನಿಯಮ ಕೆಟ್ಟದ್ದಲ್ಲ. ಒಂದೇ ಕಂಪ್ಯೂಟರಿಗೆ ಹತ್ತು ಜನ ಕೂರುವಲ್ಲಿ ಹಿಂದಿನವರ ಪ್ರೋಗ್ರಾಂ ಮುಂದಿನವರ ಮಾತನ್ನು ಮೈಕಿನಲ್ಲಿ ಕದ್ದು ಕೇಳಬಾರದಲ್ಲ.

ದಾರಿ ಎರಡು. ಲೈಟ್ ಲಾಕರ್ ಬದಲು ಎಕ್ಸ್‌ಎಫ್‌ಸಿಇ ಸ್ಕ್ರೀನ್‌ಸೇವರ್ ಇರುವ ಹೊಸ ಕ್ಸುಬುಂಟು ಹಾಕಿಕೊಳ್ಳುವುದು ಒಂದು. ಅದು ಇದ್ದ ಕೋಣೆಗೇ ಬೀಗ ಹಾಕುತ್ತದೆ, ಹಾಡು ನಡೆಯುತ್ತಿರುತ್ತದೆ. ಇನ್ನೊಂದು, ನಿನ್ನ ಹೆಸರನ್ನು 'ಆಡಿಯೋ' ಎಂಬ ಗುಂಪಿಗೆ ಸೇರಿಸುವುದು. ಕಮಾಂಡ್: 'ಸುಡೋ ಯೂಸರ್‌ಮಾಡ್', ಜಾಗ ಬಿಟ್ಟು ಅಡ್ಡಗೆರೆಗೆ ಅಂಟಿಸಿ ಸಣ್ಣ ಎ, ದೊಡ್ಡ ಜಿ, ಆಮೇಲೆ 'ಆಡಿಯೋ', ಕೊನೆಗೆ ನಿನ್ನ ಲಾಗಿನ್ ಹೆಸರು. ಲಾಗೌಟ್ ಆಗಿ ಬಂದರೆ ಜಾರಿ.

ಸಣ್ಣ ಎ ಬಿಡಬೇಡ, ದಯವಿಟ್ಟು. ಬಿಟ್ಟರೆ ಆಡಿಯೋ ಗುಂಪಿಗೆ ಸೇರಿಸುವುದರ ಜತೆ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಗೆ ಹಾಕುತ್ತದೆ, ಸುಡೋ ಗುಂಪಿನಿಂದಲೂ. ನಾನು ಒಮ್ಮೆ ಬಿಟ್ಟಿದ್ದೆ. ಹಾಡು ಚೆನ್ನಾಗಿ ಕೇಳಿಸುತ್ತಿತ್ತು, ನನ್ನದೇ ಕಂಪ್ಯೂಟರಿನಲ್ಲಿ ಏನೂ ಬದಲಿಸುವ ಅಧಿಕಾರ ನನಗಿರಲಿಲ್ಲ. ರಿಕವರಿ ಮೋಡಿನಲ್ಲಿ ಹೋಗಿ ಸರಿಮಾಡಲು ಒಂದು ಭಾನುವಾರ ಹೋಯಿತು.

ಪ್ರಶ್ನೆ: ಶಾಲೆಯ ಲ್ಯಾಪ್‌ಟಾಪಿನಲ್ಲಿ ಉಕ್ತಲೇಖನಕ್ಕೆ ಒಂದೊಂದೇ ಪದ ರೆಕಾರ್ಡ್ ಮಾಡಿಟ್ಟಿದ್ದೇನೆ. ಒಂದು ಪದ ಹಾಕಿ, ಮಕ್ಕಳು ಬರೆದ ಮೇಲೆ ಮುಂದಿನದು. ಲಿನಕ್ಸಿನಲ್ಲಿ ಮೊದಲ ಅಕ್ಷರವೇ ನುಂಗಿಹೋಗುತ್ತದೆ. 'ಅರಸ' ಎಂದರೆ 'ರಸ'. ಮೊನ್ನೆ 'ಕಮಲ' ಹಾಕಿದೆ. ಮೂರನೇ ಕ್ಲಾಸು ಇಡೀ ದಿನ ನಕ್ಕಿತು.
– ಶಿಕ್ಷಕರು, ಕೊಪ್ಪಳ ಜಿಲ್ಲೆ

ಉತ್ತರ: ಸರ್, ನಾನೂ ನಕ್ಕೆ, ಕ್ಷಮಿಸಿ.

ಇಲ್ಲಿ ಮಲಗುವುದು ಪರದೆಯಲ್ಲ, ಧ್ವನಿಯ ಚಿಪ್ಪೇ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಧ್ವನಿ ನೋಡಿಕೊಳ್ಳುವ ಪೈಪ್‌ವೈರ್, 5 ಸೆಕೆಂಡ್ ಏನೂ ನುಡಿಸದಿದ್ದರೆ ಸೌಂಡ್ ಕಾರ್ಡನ್ನು ಬಿಟ್ಟುಬಿಡುತ್ತದೆ. ಹಿಂದಿನ ಪಲ್ಸ್‌ಆಡಿಯೋ ಕೂಡ ಅಷ್ಟೇ ಹೊತ್ತು ಕಾಯುತ್ತಿತ್ತು. ಬಿಟ್ಟ ಮೇಲೆ ಡ್ರೈವರ್ ಚಿಪ್ಪಿನ ಕರೆಂಟನ್ನೂ ಕಡಿಮೆ ಮಾಡುತ್ತದೆ. ಮತ್ತೆ ಪದ ಹಾಕಿದಾಗ ಚಿಪ್ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ 'ಕ' ಹೋಗಿರುತ್ತದೆ. ಮಕ್ಕಳು ಒಂದು ಪದ ಬರೆಯಲು 5 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ಪದಕ್ಕೂ ಇದೇ ಗತಿ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಶಾಲೆಯ ಲ್ಯಾಪ್‌ಟಾಪ್ ಎನ್ನುತ್ತೀರಿ, ಒಳಗಿನ ಕಡತ ತಿದ್ದಲು ಅನುಮತಿ ಬೇಕಾಗಬಹುದು. ಸುಮ್ನೆ ಒಂದು ಉಪಾಯ ಮಾಡಿ. ಧ್ವನಿ ತಿದ್ದುವ ಪ್ರೋಗ್ರಾಂ ಆಡಾಸಿಟಿಯಲ್ಲಿ ಪ್ರತಿ ಪದ ಶುರುವಾಗುವ ಮೊದಲು ಒಂದು ಸೆಕೆಂಡಿನ ಮೌನ ಸೇರಿಸಿ. ಜನರೇಟ್ ಮೆನುವಿನಲ್ಲಿ ಸೈಲೆನ್ಸ್ ಎಂದೇ ಇದೆ. ನುಂಗಿದರೆ ಮೌನವನ್ನು ನುಂಗಲಿ.

ಅನುಮತಿ ಇದ್ದರೆ, ಚಿಪ್ಪಿನ ಡ್ರೈವರ್ ಇಂಟೆಲ್ ಎಚ್‌ಡಿಎ ಆಗಿದ್ದಲ್ಲಿ ಅದರ 'ಪವರ್ ಸೇವ್' ಎಂಬ ಅಂಕಿಯನ್ನು 0 ಮಾಡಿಸಿ. ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಸಾಲಿನ ಕೆಲಸ, ತಿಳಿದವರು ಐದು ನಿಮಿಷದಲ್ಲಿ ಮಾಡುತ್ತಾರೆ. ಬ್ಯಾಟರಿ ಉಳಿಸಲು ಟಿಎಲ್‌ಪಿ ಹಾಕಿದ್ದರೆ ಅದರ ಕಡತದಲ್ಲೂ ಬದಲಿಸಲು ಹೇಳಿ. ಇಲ್ಲದಿದ್ದರೆ ನೀವು ಬರೆದ ಸೊನ್ನೆಯನ್ನು ಅದು ಅಳಿಸಿ ತನ್ನ ಅಂಕಿ ಬರೆಯುತ್ತದೆ.

ಪ್ರಶ್ನೆ: ಮನೆಯಿಂದಲೇ ಕೆಲಸ. ಉಬುಂಟು ಲ್ಯಾಪ್‌ಟಾಪಿಗೆ ಡಿಸ್‌ಪ್ಲೇಪೋರ್ಟಿನಲ್ಲಿ ದೊಡ್ಡ ಮಾನಿಟರ್ ಜೋಡಿಸಿದ್ದೇನೆ. ಮಾನಿಟರಿನ ಸ್ಪೀಕರಿನಲ್ಲಿ ಹಾಡು ಬರುತ್ತಿರುತ್ತದೆ. 5 ನಿಮಿಷಕ್ಕೆ ಪರದೆ ಆರಿ, ಹಾಡು ಲ್ಯಾಪ್‌ಟಾಪಿನ ಸ್ಪೀಕರಿಗೆ ಹಾರುತ್ತದೆ. ಎಕ್ಸ್‌ಸೆಟ್ ಕೊಟ್ಟು ನೋಡಿದೆ, ಏನೂ ಆಗಲಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಈಗಿನ ಉಬುಂಟು, ಎಕ್ಸ್ ಸರ್ವರಿನ ಬದಲಿಗೆ ಬಂದ ಹೊಸ ಚಿತ್ರವ್ಯವಸ್ಥೆ ವೇಲ್ಯಾಂಡ್ ಮೇಲೆ ನಡೆಯುತ್ತದೆ. ಎಕ್ಸ್‌ಸೆಟ್ ಮಾತು ಅಲ್ಲಿ ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ 'ಸ್ಕ್ರೀನ್ ಬ್ಲ್ಯಾಂಕ್' ಎಂದಿದೆ. ಅದರ ಮೂಲ ಗಡುವೇ 5 ನಿಮಿಷ. 'ನೆವರ್' ಮಾಡಿ.

ಹಾಡು ಹಾರುವುದು ಮಾನಿಟರಿನ ಅತಿ ಜಾಣತನದಿಂದ. ಡಿಸ್‌ಪ್ಲೇಪೋರ್ಟಿನ ಕೆಲವು ಮಾನಿಟರ್‌ಗಳು ಆಳವಾಗಿ ಮಲಗಿದಾಗ ಕೇಬಲ್ ಕಿತ್ತ ಹಾಗೇ ಕಾಣುತ್ತವೆ. ಲಿನಕ್ಸ್ ಪಾಪ, ಇರುವ ಇನ್ನೊಂದು ಸ್ಪೀಕರಿಗೆ ಹಾಡು ಕಳಿಸುತ್ತದೆ. ಮಾನಿಟರಿನದೇ ಬಟನ್ ಒತ್ತಿ ಅದರ ಮೆನುವಿನಲ್ಲಿ 'ಡೀಪ್ ಸ್ಲೀಪ್' ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಅದು ಮಾನಿಟರನ್ನು ಲೆಕ್ಕದಲ್ಲಿ ಉಳಿಸುತ್ತದೆ ಅಷ್ಟೆ, ಪರದೆ ಆರಿದರೆ ಅದರ ಸ್ಪೀಕರ್ ಮಾತಾಡುವುದಿಲ್ಲ.

ಪ್ರಶ್ನೆ: ಮಲಗುವಾಗ ಲ್ಯಾಪ್‌ಟಾಪಿನಲ್ಲಿ ವಚನ ಹಾಕುತ್ತೇನೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಪರದೆ ಆರಿಸಿದರೆ ಧ್ವನಿ ಹೋಗುತ್ತದಾ?
– ಗೃಹಿಣಿ, ಬಾಗಲಕೋಟೆ

ಉತ್ತರ: ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಆದರೆ ಹೋಗುವುದಿಲ್ಲ. ನಿಮ್ಮದು ಎಕ್ಸ್ ಸರ್ವರ್ ಇರುವ ಲಿನಕ್ಸ್ ಆಗಿದ್ದರೆ 'ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆಫ್' ಎಂದು ಕೊಡಿ, ತಕ್ಷಣ ಆರುತ್ತದೆ. ಮುಚ್ಚಳ ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಇಡೀ ಯಂತ್ರವೇ ಮಲಗುತ್ತದೆ.