‘ಟ್ರಾಮ್’ ಎಂಬ ಪದ ಬಂದದ್ದು ಎಲ್ಲಿಂದ?

ಬ್ರಿಟಿಷ್ ಎಂಜಿನಿಯರ್ ಬೆಂಜಮಿನ್ ಔಟ್ರಮ್ ಅವರ ಹೆಸರಿನ ಕೊನೆಯ ಭಾಗವೇ ‘ಟ್ರಾಮ್’ ಆಯಿತೇ ಎಂದು ಕೇಳಿದ್ದೀರಿ. ಇಲ್ಲ. ಈ ಕಥೆ ಬಹಳ ಕಾಲದಿಂದ ಹರಡಿಕೊಂಡಿದೆ, ಆದರೆ ಕಾಲಗಣನೆಯೇ ಅದಕ್ಕೆ ವಿರುದ್ಧವಾಗಿದೆ. ಔಟ್ರಮ್ ಹುಟ್ಟಿದ್ದು 1764ರಲ್ಲಿ. ಕಲ್ಲಿದ್ದಲು ಸಾಗಿಸಲು ಅವರು ಡರ್ಬಿಶೈರ್‌ನಲ್ಲಿ ಕಬ್ಬಿಣದ ಹಳಿದಾರಿಗಳನ್ನು ಹಾಕಿಸಿದ್ದು ನಿಜ. ಅಷ್ಟು ಹೊತ್ತಿಗೆ ಸ್ಕಾಟ್ಲೆಂಡಿನ ಜನ ‘ಟ್ರಾಮ್’ ಎನ್ನತೊಡಗಿ ಇನ್ನೂರು ವರ್ಷ ಕಳೆದಿದ್ದವು.

ಅವರು ಹಾಗೆ ಕರೆಯುತ್ತಿದ್ದದ್ದು ಕೈಗಾಡಿಯ ಹಿಡಿಮರವನ್ನು, ಗಾಡಿಯ ಮೂಕಿಯನ್ನು. ಹಳೆಯ ಡಚ್ ಮತ್ತು ಉತ್ತರ ಜರ್ಮನಿಯ ಆಡುಭಾಷೆಗಳಲ್ಲಿ ಇದನ್ನೇ ಹೋಲುವ ಪದಕ್ಕೆ ತೊಲೆ, ಅಡ್ಡಮರ ಎಂಬ ಅರ್ಥಗಳಿದ್ದವು. ಮೂಲ ಅಲ್ಲೇ ಇರಬೇಕೆಂಬುದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ, ನನಗೂ ಅದೇ ಒಪ್ಪಿಗೆ. ಹಿಡಿಮರದ ಹೆಸರು ಮುಂದೆ ಗಣಿಯಲ್ಲಿ ಕಲ್ಲಿದ್ದಲು ಹೊರುವ ಗಾಡಿಗೇ ಅಂಟಿಕೊಂಡಿತು. ಅದು ಉರುಳುವ ದಾರಿ ‘ಟ್ರಾಮ್‌ವೇ’ ಆಯಿತು. ಮರಗೆಲಸದವರೂ ಗಣಿ ಕಾರ್ಮಿಕರೂ ಬಳಸಿ ಬೆಳೆಸಿದ ಪದವನ್ನು ಒಬ್ಬ ಎಂಜಿನಿಯರ್ ಹೆಸರಿಗೆ ಬರೆದುಕೊಡುವುದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಜನರನ್ನು ಕೂರಿಸಿಕೊಂಡು ಓಡಾಡಿದ್ದು ಆಮೇಲೆ. 1807ರಲ್ಲಿ ವೇಲ್ಸ್‌ನ ಸ್ವಾನ್ಸೀ ಬಳಿ ಕುದುರೆ ಎಳೆಯುವ ಗಾಡಿ ಹಳಿಯ ಮೇಲೆ ಪ್ರಯಾಣಿಕರನ್ನು ಒಯ್ಯತೊಡಗಿತು. 1832ರಲ್ಲಿ ನ್ಯೂಯಾರ್ಕಿನ ಬೀದಿಗೇ ಹಳಿ ಬಂತು. ಆದರೆ ಅಮೆರಿಕದಲ್ಲಿ ‘ಟ್ರಾಮ್’ ನೆಲೆಯೂರಲಿಲ್ಲ, ಅಲ್ಲಿ ‘ಸ್ಟ್ರೀಟ್‌ಕಾರ್’ ಅಥವಾ ‘ಟ್ರಾಲಿ’. ತಲೆಯ ಮೇಲಿನ ತಂತಿಗೆ ತಾಗಿ ವಿದ್ಯುತ್ ಪಡೆಯುವ ಪುಟ್ಟ ಚಕ್ರವೇ ಟ್ರಾಲಿ. ಅಲ್ಲಿಯೂ ಒಂದು ಬಿಡಿಭಾಗದ ಹೆಸರು ಇಡೀ ವಾಹನಕ್ಕೆ ಬಂದಿರುವುದನ್ನು ಗಮನಿಸಿ.

ಭಾರತಕ್ಕೆ ಪದವೂ ವಾಹನವೂ ಒಟ್ಟಿಗೇ ಬಂದವು. 1873ರಲ್ಲಿ ಕೋಲ್ಕತ್ತದ ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ ಕುದುರೆ ಟ್ರಾಮ್ ಓಡಿತು, ಮರುವರ್ಷ ಮುಂಬೈಯಲ್ಲಿ. 1895ರಲ್ಲಿ ಮದ್ರಾಸಿಗೆ ವಿದ್ಯುತ್ ಟ್ರಾಮ್ ಬಂತು, ದೇಶದಲ್ಲೇ ಮೊದಲನೆಯದು. ಮುಂಬೈಯ ಟ್ರಾಮ್ 1964ರ ಮಾರ್ಚ್ 31ರಂದು ನಿಂತುಹೋಯಿತು.

ಅರ್ಥದ ಮಟ್ಟಿಗೆ ಇಷ್ಟು ಹೇಳಬಹುದು: ಮುಖ್ಯವಾಗಿ ನಗರದ ಬೀದಿಯಲ್ಲಿ, ರಸ್ತೆಯ ಮಟ್ಟಕ್ಕೇ ಹುದುಗಿಸಿದ ಹಳಿಗಳ ಮೇಲೆ, ಬಸ್ಸು, ಸೈಕಲ್ಲು, ಪಾದಚಾರಿಗಳ ನಡುವೆಯೇ ಸಾಗುವ ವಾಹನ ಟ್ರಾಮ್. ಎಳೆಯುವುದು ಕುದುರೆಯೋ ವಿದ್ಯುತ್ತೋ ಎಂಬುದು ಮುಖ್ಯವಲ್ಲ. ಇನ್ನು ‘ಟ್ರೈನ್’ ಜೊತೆ ನಂಟಿದೆಯೇ ಎಂದು ಕೇಳಿದ್ದೀರಲ್ಲ, ಅದೂ ಇಲ್ಲ. ‘ಟ್ರೈನ್’ ಎಂಬುದು ‘ಎಳೆಯುವುದು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದ.