ಆಡು ಓಡಿಸಿದರೆ ಟೇಕಡಿ ಉಳಿಯುತ್ತದಾ?

ಪ್ರಶ್ನೆ: ನಾವು ಕೆಲವು ಕನ್ನಡಿಗರು ಬೆಳಿಗ್ಗೆ ಇಲ್ಲಿನ ವೇತಾಳ ಟೇಕಡಿ ಅನ್ನೋ ಗುಡ್ಡಕ್ಕೆ ವಾಕಿಂಗ್ ಹೋಗುತ್ತೇವೆ. ಅಲ್ಲಿ ಮೇಯಲು ಬರುವ ಆಡುಗಳು ನಾವು ನೆಟ್ಟ ಸಸಿಗಳ ಕುಡಿ ತಿಂದು ಹಾಕಿವೆ. ಗುಡ್ಡಕ್ಕೆಲ್ಲ ಬೇಲಿ ಹಾಕಿಸಿ ಅಂತ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕೆಂದಿದ್ದೇವೆ. ಸಸಿಗಳಿಗೆ ಯೂರಿಯಾ ಹಾಕಿದರೂ ಸುತ್ತ ಕಳೆಯೇ ಎದ್ದಿದೆ. ಏನು ಮಾಡೋಣ?
— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಅರ್ಜಿ ಆಮೇಲೆ. ಮೊದಲು ಆ ಯೂರಿಯಾ ಚೀಲ ಮನೆಗೆ ತನ್ನಿ.

ಟೇಕಡಿಯಲ್ಲಿ ಕರಿಕಲ್ಲಿನ ಮೇಲೆ ತೆಳ್ಳಗೆ ಮಣ್ಣಿದೆ, ಅಷ್ಟೇ. ಅಲ್ಲಿನ ಹುಲ್ಲು, ಗಡ್ಡೆಗಿಡ, ಮುಳ್ಳುಗಿಡಗಳಿಗೆ ಆ ಬಡ ಮಣ್ಣೇ ಒಗ್ಗಿದೆ. ಯೂರಿಯಾದಿಂದ ಸಾರಜನಕ ಜಾಸ್ತಿಯಾದರೆ ಅದನ್ನು ಮೊದಲು ಬಾಚಿಕೊಳ್ಳುವುದು ತಗಚಿ, ಕಾಂಗ್ರೆಸ್ ಕಸದಂಥ ಅವಸರದ ಗಿಡಗಳು. ಅವು ಸರಸರ ಎದ್ದು ಕೆಳಗಿನ ಸಣ್ಣ ಗಿಡಗಳ ಬಿಸಿಲು ಕಸಿಯುತ್ತವೆ. (ಕಾಂಗ್ರೆಸ್ ಕಸ ನಮ್ಮ ದೇಶದಲ್ಲಿ ಕಳೆಯಾಗಿ ಗಮನಕ್ಕೆ ಬಂದದ್ದೇ 1950ರ ದಶಕದಲ್ಲಿ, ಈ ಪುಣೆಯಲ್ಲಿ!) ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದೇ ಹುಲ್ಲುಗಾವಲನ್ನು ಪಟ್ಟಿ ಪಟ್ಟಿ ಮಾಡಿ ಬೇರೆ ಬೇರೆ ಗೊಬ್ಬರ ಹಾಕುತ್ತಿದ್ದಾರೆ. ಗೊಬ್ಬರ ಕಾಣದ ಪಟ್ಟಿಯಲ್ಲಿ ಹತ್ತಾರು ಜಾತಿಯ ಗಿಡಗಳಿವೆ. ವರ್ಷವರ್ಷ ಅಮೋನಿಯಂ ಸಲ್ಫೇಟ್ ಎಂಬ ಸಾರಜನಕ ಗೊಬ್ಬರ ಬಿದ್ದು, ಮಣ್ಣಿನ ಹುಳಿ ಕಳೆಯುವ ಸುಣ್ಣ ಬೀಳದ ಕಡೆ ಉಳಿದದ್ದು ಬೆರಳೆಣಿಕೆಯಷ್ಟು.

ನೀವು ಹಾಕದಿದ್ದರೂ ಸಾರಜನಕ ಬರುತ್ತಲೇ ಇರುತ್ತದೆ. ಕೆಳಗಿನ ರಸ್ತೆಗಳ ವಾಹನದ ಹೊಗೆಯದು ಮಳೆಯ ಜೊತೆ ಇಳಿಯುತ್ತದೆ. ಟೇಕಡಿ ತುಂಬ ನೆಟ್ಟಿರುವ ಗ್ಲಿರಿಸಿಡಿಯಾ ಮರ ಗಾಳಿಯ ಸಾರಜನಕವನ್ನು ತನ್ನ ಬೇರಿನ ಗಂಟುಗಳಲ್ಲೇ ಹಿಡಿದಿಡುತ್ತದೆ, ಎಲೆ ಉದುರಿಸಿ ಮಣ್ಣಿಗೆ ಸೇರಿಸುತ್ತದೆ.

ಇನ್ನು ಆಡು. ನಿಮ್ಮ ಸಿಟ್ಟು ಸರಿಯೇ. ಎಳೆ ಸಸಿಯ ಕುಡಿಯನ್ನು ಪದೇ ಪದೇ ಕಚ್ಚಿದರೆ ಅದು ಮರವಾಗದೆ ಮೊಣಕಾಲೆತ್ತರದ ಪೊದೆಯಾಗಿಯೇ ಉಳಿಯುತ್ತದೆ. ಆದರೆ ಎತ್ತರದ ಹುಲ್ಲು ತಿಂದು ನೆಲಕ್ಕೆ ಬಿಸಿಲು ಬಿಡುವುದೂ ಅದೇ ಬಾಯಿ. ಸತಾರಾ ಹತ್ತಿರ ಹೂವಿಗೆ ಹೆಸರಾದ ಕಾಸ್ ಬಯಲು ನೋಡಿದ್ದೀರಲ್ವಾ? ಅಲ್ಲಿ ಬೇಲಿ ಹಾಕಿ ದನ ತಡೆದ ಮೇಲೆ ಹೂವೇ ಕಡಿಮೆಯಾಯಿತು ಅಂತ ದೂರು ಎದ್ದು, ಕೊನೆಗೆ ಬೇಲಿ ಕಿತ್ತರು. ಗೊಬ್ಬರ ಉಂಡ ನೆಲದಲ್ಲಿ ಬಾಯಿಗಳನ್ನೆಲ್ಲ ಓಡಿಸಿದರೆ ಗೆಲ್ಲುವುದು ನಿಮ್ಮ ಸಸಿಯಲ್ಲ, ಕಳೆ.

ಆಡು ಮಾಡುವ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಗುಡ್ಡವೆಲ್ಲ ಮೇಯ್ದು ಮಧ್ಯಾಹ್ನ ಒಂದೇ ಮರದ ನೆರಳಲ್ಲಿ ಹಿಕ್ಕೆ ಹಾಕುತ್ತದೆ. ಗುಡ್ಡದ ಸಾರಜನಕ ಹೀಗೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಜೂನ್ ಮಳೆ ಬಿದ್ದು ಎರಡು ವಾರಕ್ಕೆ ಆ ಮರದಡಿ ನೋಡಿ. ಕೊಳೆತ ಹಿಕ್ಕೆಯ ಕಪ್ಪು ಹಾಸು, ಅದರ ಮೇಲೆ ಒತ್ತೊತ್ತಾಗಿ ತಗಚಿ, ಉತ್ತರಾಣಿ. ನಾಲ್ಕು ಹೆಜ್ಜೆ ಆಚೆ ಬೇರೆಯದೇ ನೆಲ. ಆಡು ಕಾಯುವವರಿಗೆ ಗದರಿಸುವ ಬದಲು, ನೆರಳಿನ ಜಾಗ ಆಗಾಗ ಬದಲಿಸಿ, ಹಿಕ್ಕೆ ಗುಡಿಸಿ ಹೊಲದವರಿಗೆ ಮಾರಿಕೊಳ್ಳಿ ಅಂತ ಹೇಳಿ. ಕೇಳುತ್ತಾರೆ.

ಸಸಿಗಳ ಸುತ್ತ ಬೋರೆಮುಳ್ಳಿನ ಕೊಂಬೆ ಕಟ್ಟಿದರೆ ಸಾಕು. ಅರ್ಜಿ ಕೊಡಲೇಬೇಕೆಂದರೆ ಒಂದೇ ಒಂದು ಸಣ್ಣ ತುಂಡಿಗೆ ಬೇಲಿ ಕೇಳಿ. ಅದರ ಪಕ್ಕದಲ್ಲೇ ಅಷ್ಟೇ ಅಳತೆಯ ಜಾಗ ತೆರೆದಿರಲಿ. ಎರಡಕ್ಕೂ ಗೊಬ್ಬರ ಬೇಡ. ಪ್ರತಿ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಎರಡೂ ಕಡೆ ಎಷ್ಟು ಬಗೆಯ ಗಿಡಗಳಿವೆ ಅಂತ ಎಣಿಸಿ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಫೋಟೋ ಸಾಕು, ನನಗೆ ಕಳಿಸಿ. ಹಾಂ, ನವಿಲಿಗೆ ಅಂತ ದಿನಾ ಒಂದೇ ಕಡೆ ಕಾಳು ಸುರಿಯುವವರು ನಿಮ್ಮ ಗುಂಪಿನಲ್ಲೂ ಇದ್ದರೆ, ಅದನ್ನೂ ನಿಲ್ಲಿಸಿ. ಹಕ್ಕಿಗಳ ಹಿಕ್ಕೆಯೂ ಒಂದೇ ಕಡೆ ಬಿದ್ದರೆ ಅದೇ ಕಥೆ.